ಆಚಾರ್ಯ ಪ್ರಫುಲ್ಲಚಂದ್ರ ರಾಯರು

ನಮ್ಮ ನಾಡಿನಲ್ಲಿ ಆಚಾರ್ಯ ಎಂಬ ಮಾತಿಗೆ ವಿಶೇಷವಾದ ಗೌರವವುಂಟು. ಕೇವಲ ಓದಿದವನು ಆಚಾರ್ಯನಲ್ಲ. ಕೇವಲ ಪಾಠ ಹೇಳುವವನೂ ಆಚಾರ್ಯನಲ್ಲ. ತಾನು ಅರಿತುದನ್ನು ನಡೆಯಲ್ಲಿ ತಂದು, ಆ ನಡೆಯಿಂದಲೇ ಶಿಷ್ಯರನ್ನು ತಿದ್ದುವವನನ್ನು ಮಾತ್ರ ಹಿರಿಯರು ಆ ಹೆಸರಿನಿಂದ ಕರೆದರು. ಪ್ರಫುಲ್ಲಚಂದ್ರ ರಾಯರಿಗೆ ಬ್ರಿಟಿಷ್ ಸರ್ಕಾರ 1919ರಲ್ಲಿ ಸರ್ ಪದವಿಯನ್ನು ಕೊಟ್ಟಿತು. ವಿದ್ವತ್ಸಂಸ್ಥೆಗಳು ಬಿರುದುಗಳನ್ನು ಕೊಟ್ಟವು. ಆದರೆ ಜನ ಅವರನ್ನು ಕರೆದದ್ದು ಆಚಾರ್ಯ ಎಂದು. ಉಳಿದ ಬಿರುದುಗಳನ್ನೆಲ್ಲ ಜನರು ಮರೆತಿದ್ದಾರೆ. ಈ ಹೆಸರೊಂದು ಉಳಿದಿದೆ. ಅದು ಹೇಗೆ ಅವರದಾಯಿತು ಎಂಬುದೇ ಅವರ ಜೀವನದ ಕಥೆ.

ವಿಶ್ವವಿದ್ಯಾನಿಲಯದ ಅಧ್ಯಾಪಕನ ಮುಂದೆ ಎರಡು ಕರ್ತವ್ಯಗಳಿರುತ್ತವೆ. ಹಿಂದಿನವರು ಗಳಿಸಿದ ಜ್ಞಾನವನ್ನು ಮುಂದಿನವರಿಗೆ ತಲಪಿಸುವುದು ಒಂದು. ಆ ಜ್ಞಾನಕ್ಕೆ ತನ್ನ ಪಾಲಿನ ಹೊಸದೊಂದನ್ನು ಕೂಡಿಸುವುದು ಇನ್ನೊಂದು. ಮೊದಲನೆಯದು ಬೋಧನೆ, ಎರಡನೆಯದು ಸಂಶೋಧನೆ. ಇವೆರಡರಲ್ಲಿ ಯಾವುದು ಹೆಚ್ಚು, ಯಾವುದನ್ನು ನೋಡಿ ಅಧ್ಯಾಪಕನಿಗೆ ಬೆಲೆ ಕಟ್ಟಬೇಕು ಎಂಬ ಪ್ರಶ್ನೆ ಇಂದಿಗೂ ವಿದ್ವಾಂಸರ ನಡುವೆ ಚರ್ಚೆಯಲ್ಲಿದೆ. ರಾಯರು ಈ ಪ್ರಶ್ನೆಗೆ ತಮ್ಮ ಐವತ್ತು ವರ್ಷಗಳ ಅಧ್ಯಾಪಕ ಜೀವನದ ಮೂಲಕವೇ ಉತ್ತರ ಕೊಟ್ಟರು.

ಪ್ರಫುಲ್ಲಚಂದ್ರರು ಹುಟ್ಟಿದ್ದು 1861ನೆಯ ಇಸವಿ ಆಗಸ್ಟ್ 2ರಂದು, ಬಂಗಾಳದ ರಾರುಲಿ ಎಂಬ ಗ್ರಾಮದಲ್ಲಿ. ಕಪೋತಾಕ್ಷ ನದಿಯ ದಡದ ಆ ಹಳ್ಳಿ ಆಗ ಜೆಸೋರ್ ಜಿಲ್ಲೆಗೆ ಸೇರಿತ್ತು. ಈಗ ಅದು ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯಲ್ಲಿದೆ. ತಂದೆ ಹರಿಶ್ಚಂದ್ರ ರಾಯರು ಜಮೀನುದಾರರು. ಪಾರಸಿಯನ್ನೂ ಇಂಗ್ಲಿಷನ್ನೂ ಬಲ್ಲವರು. ಮನೆಯಲ್ಲಿ ಒಳ್ಳೆಯ ಪುಸ್ತಕ ಭಂಡಾರವನ್ನು ಇಟ್ಟುಕೊಂಡಿದ್ದುದಲ್ಲದೆ, ಊರಿನ ಮಕ್ಕಳಿಗಾಗಿ ಶಾಲೆಯನ್ನೂ ತೆರೆದಿದ್ದರು. ತಾಯಿ ಭುವನಮೋಹಿನೀ ದೇವಿ. ಹುಡುಗನ ಮೊದಲ ಪಾಠಗಳು ತಂದೆ ತೆರೆದ ಶಾಲೆಯಲ್ಲಿಯೇ ನಡೆದವು. ಮಕ್ಕಳಿಗೆ ಮೇಲಿನ ವಿದ್ಯಾಭ್ಯಾಸ ದೊರೆಯಲೆಂದು 1870ರಲ್ಲಿ ಕುಟುಂಬವು ಕಲ್ಕತ್ತೆಗೆ ಬಂದಿತು. ಪ್ರಫುಲ್ಲಚಂದ್ರ ಅಲ್ಲಿಯ ಹೇರ್ ಶಾಲೆಯನ್ನು ಸೇರಿದ.

1874ರಲ್ಲಿ ಬಾಲಕನಿಗೆ ಉಗ್ರವಾದ ಆಮಶಂಕೆ ತಗುಲಿತು. ಶಾಲೆಯನ್ನು ಬಿಡಬೇಕಾಯಿತು. ಜೀವ ಉಳಿಯಿತು, ಆದರೆ ಜೀರ್ಣಶಕ್ತಿ ಮತ್ತೆ ಸರಿಯಾಗಲಿಲ್ಲ. ಅಲ್ಪಾಹಾರ, ನಿದ್ರಾಹೀನತೆ ಇವು ಅವರ ಬಾಳಿನುದ್ದಕ್ಕೂ ಜೊತೆಗಾರರಾದವು. ಆದರೂ ಆ ಕಾಯಿಲೆಯ ಕಾಲ ವ್ಯರ್ಥವಾಗಲಿಲ್ಲ. ತಂದೆಯ ಪುಸ್ತಕ ಭಂಡಾರ ಹುಡುಗನಿಗೆ ತೆರೆದ ಶಾಲೆಯಾಯಿತು. ಅವನು ಇತಿಹಾಸವನ್ನು ಓದಿದ, ಮಹಾಪುರುಷರ ಜೀವನ ಚರಿತ್ರೆಗಳನ್ನು ಓದಿದ. ಅಚ್ಚುಕೂಟದ ಹುಡುಗನಾಗಿದ್ದು ವಿಜ್ಞಾನಿಯೂ ರಾಜನೀತಿಜ್ಞನೂ ಆಗಿ ಬೆಳೆದ ಬೆಂಜಮಿನ್ ಫ್ರಾಂಕ್ಲಿನ್ ಅವನ ಮನಸ್ಸನ್ನು ಸೆಳೆದ. ಪರೀಕ್ಷೆಯ ಭಯವಿಲ್ಲದೆ ತಾನಾಗಿ ಓದುವುದರ ಸುಖವನ್ನು ರಾಯರು ಮೊದಲು ಅರಿತದ್ದು ಆಗಲೇ. ಮುಂದೆ ಅಧ್ಯಾಪಕರಾದಾಗ, ಪರೀಕ್ಷೆಗಾಗಿಯೇ ಓದುವ ಓದನ್ನು ಅವರು ಕಟುವಾಗಿ ಖಂಡಿಸುತ್ತಿದ್ದುದಕ್ಕೆ ಈ ಅನುಭವವೂ ಕಾರಣವಾಗಿರಬೇಕು.

ಆರೋಗ್ಯ ಸುಧಾರಿಸಿದ ಮೇಲೆ ಅವರು ಆಲ್ಬರ್ಟ್ ಶಾಲೆಯಲ್ಲಿ ಓದಿ, ಅನಂತರ ಈಶ್ವರಚಂದ್ರ ವಿದ್ಯಾಸಾಗರರು ಸ್ಥಾಪಿಸಿದ ಮೆಟ್ರೊಪಾಲಿಟನ್ ಇನ್‌ಸ್ಟಿಟ್ಯೂಷನ್ ಎಂಬ ಕಾಲೇಜನ್ನು ಸೇರಿದರು. ಅಲ್ಲಿ ವಿಜ್ಞಾನವನ್ನು ಕಲಿಸುವ ವ್ಯವಸ್ಥೆ ಇರಲಿಲ್ಲ. ಆದುದರಿಂದ ರಸಾಯನಶಾಸ್ತ್ರದ ಪಾಠಗಳಿಗಾಗಿ ಹೊರಗಿನ ವಿದ್ಯಾರ್ಥಿಯಾಗಿ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಬೇಕಾಗಿತ್ತು. ಅಲ್ಲಿ ಪಾಠ ಹೇಳುತ್ತಿದ್ದವರು ಅಲೆಕ್ಸಾಂಡರ್ ಪೆಡ್ಲರ್ ಎಂಬ ಆಂಗ್ಲ ಪ್ರಾಧ್ಯಾಪಕರು. ತರಗತಿಯ ಮುಂದೆ ಪ್ರಯೋಗಗಳನ್ನು ಮಾಡಿ ತೋರಿಸುವುದರಲ್ಲಿ ಅವರದು ನುರಿತ ಕೈ. ಆ ಪ್ರಯೋಗಗಳನ್ನು ನೋಡಿ ಪ್ರಫುಲ್ಲಚಂದ್ರರ ಮನಸ್ಸು ಅರಳಿತು. ನೋಡಿದಷ್ಟಕ್ಕೆ ತೃಪ್ತಿಯಾಗದೆ, ಅವರೂ ಅವರ ಸಹಪಾಠಿಯೊಬ್ಬರೂ ಬಿಡಾರದ ಕೋಣೆಯಲ್ಲಿಯೇ ಚಿಕ್ಕದೊಂದು ಪ್ರಯೋಗಶಾಲೆಯನ್ನು ಹೂಡಿದರು. ಒಮ್ಮೆ ತೆಳುವಾದ ತಗಡಿನಿಂದ ಉಪಕರಣವೊಂದನ್ನು ಮಾಡಿ ಅದರಲ್ಲಿ ಜಲಜನಕವನ್ನೂ ಆಮ್ಲಜನಕವನ್ನೂ ಉರಿಸಲು ಹೋದಾಗ ಅದು ಭಾರಿ ಸದ್ದಿನೊಡನೆ ಸಿಡಿಯಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಸಾಹಿತ್ಯ, ಇತಿಹಾಸಗಳತ್ತ ಒಲಿದಿದ್ದ ತರುಣನನ್ನು ರಸಾಯನಶಾಸ್ತ್ರದ ಕಡೆಗೆ ತಿರುಗಿಸಿದ್ದು ಯಾವ ಗ್ರಂಥವೂ ಅಲ್ಲ, ಒಬ್ಬ ಅಧ್ಯಾಪಕರ ಒಳ್ಳೆಯ ಪಾಠ ಎಂಬುದು ಇಲ್ಲಿ ಗಮನಾರ್ಹವಾದುದು.

ಈ ನಡುವೆ ಮನೆಯ ಸ್ಥಿತಿ ಇಳಿಮುಖವಾಗಿತ್ತು. ಜಮೀನಿನ ಮೇಲೆ ಸಾಲ ಬೆಳೆದಿತ್ತು. ವಿದೇಶದಲ್ಲಿ ಓದಬೇಕೆಂಬ ಆಸೆ ಈಡೇರಲು ವಿದ್ಯಾರ್ಥಿವೇತನವೊಂದೇ ದಾರಿ. ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಹಲವು ಭಾಷೆಗಳ ಜ್ಞಾನ ಬೇಕಾಗಿತ್ತು. ಪ್ರಫುಲ್ಲಚಂದ್ರರು ಹೆಚ್ಚು ಜನರಿಗೆ ತಿಳಿಸದೆ ಸದ್ದಿಲ್ಲದೆ ಸಿದ್ಧತೆ ನಡೆಸಿದರು. 1882ರಲ್ಲಿ ಆ ವೇತನ ಅವರಿಗೆ ದೊರೆಯಿತು. ಅದೇ ವರ್ಷ ಹಡಗು ಹತ್ತಿ ಬ್ರಿಟನ್ನಿಗೆ ಹೋಗಿ, ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಕ್ರಮ್ ಬ್ರೌನ್ ಅವರ ಶಿಷ್ಯರಾಗಿ 1885ರಲ್ಲಿ ಬಿ.ಎಸ್‌ಸಿ. ಪದವಿಯನ್ನೂ, 1887ರಲ್ಲಿ ಡಿ.ಎಸ್‌ಸಿ. ಪದವಿಯನ್ನೂ ಪಡೆದರು. ಅಧ್ಯಾಪಕರೂ ಶಿಷ್ಯರೂ ಒಂದೇ ಪ್ರಯೋಗಶಾಲೆಯಲ್ಲಿ, ಒಂದೇ ಮೇಜಿನ ಬಳಿ ನಿಂತು, ಉತ್ತರ ತಿಳಿಯದ ಪ್ರಶ್ನೆಯೊಂದರ ಬೆನ್ನು ಹತ್ತುವುದನ್ನು ಅವರು ಅಲ್ಲಿ ಕಂಡರು. ಆ ನೋಟ ಅವರ ಕಣ್ಣಿನಿಂದ ಮರೆಯಾಗಲಿಲ್ಲ.

1888ರಲ್ಲಿ ರಾಯರು ಸ್ವದೇಶಕ್ಕೆ ಮರಳಿದರು. ಪ್ರತಿಷ್ಠಿತ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿ ಕೈಯಲ್ಲಿತ್ತು, ಆದರೆ ಉದ್ಯೋಗವಿರಲಿಲ್ಲ. ಶಿಕ್ಷಣ ಇಲಾಖೆಯ ಮೇಲಿನ ಶ್ರೇಣಿಯ ಹುದ್ದೆಗಳು ಬಹುಮಟ್ಟಿಗೆ ಬ್ರಿಟಿಷರಿಗೇ ಮೀಸಲು. ಭಾರತೀಯನು ಎಷ್ಟೇ ಯೋಗ್ಯನಾಗಿದ್ದರೂ ಅವನಿಗೆ ಕೆಳಗಿನ ಶ್ರೇಣಿ, ಕಡಿಮೆ ಸಂಬಳ. ಸುಮಾರು ಒಂದು ವರ್ಷ ರಾಯರು ಕಾಯಬೇಕಾಯಿತು. ಆ ದಿನಗಳಲ್ಲಿ ಅವರಿಗೆ ಆಶ್ರಯವಿತ್ತವರು ಮಿತ್ರರಾದ ಜಗದೀಶಚಂದ್ರ ಬೋಸರು. ಕೊನೆಗೆ 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿ ಸಂಬಳದ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕರ ಹುದ್ದೆ ದೊರೆಯಿತು. ಇಲ್ಲಿಂದ ಮುಂದೆ 27 ವರ್ಷ ಅವರು ಅದೇ ಕಾಲೇಜಿನಲ್ಲಿ ದುಡಿದರು. ಯೋಗ್ಯತೆಗೆ ತಕ್ಕ ಶ್ರೇಣಿ ಸಿಗಲಿಲ್ಲವೆಂಬ ನೋವು ಅವರಿಗಿದ್ದಿತು. ಆದರೆ ಆ ನೋವನ್ನು ಅವರು ತರಗತಿಯ ಬಾಗಿಲಿನಿಂದ ಒಳಗೆ ತರಲಿಲ್ಲ.

ಆ ಕಾಲದ ನಮ್ಮ ವಿಶ್ವವಿದ್ಯಾನಿಲಯಗಳ ಸ್ಥಿತಿಯನ್ನು ಇಲ್ಲಿ ತಿಳಿಯಬೇಕು. 1857ರಲ್ಲಿ ಸ್ಥಾಪನೆಯಾದ ಕಲ್ಕತ್ತಾ ವಿಶ್ವವಿದ್ಯಾನಿಲಯವು ಬಹುಕಾಲ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಷ್ಟೇ ಆಗಿತ್ತು. ಪಾಠ ನಡೆಯುತ್ತಿದ್ದುದು ಕಾಲೇಜುಗಳಲ್ಲಿ. ಅಲ್ಲಿ ಅಧ್ಯಾಪಕನಾದವನು ಪಠ್ಯವನ್ನು ವಿವರಿಸಬೇಕು. ವಿದ್ಯಾರ್ಥಿ ಅದನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸಬೇಕು. ಹೊಸದನ್ನು ಹುಡುಕು ಎಂದು ಅಧ್ಯಾಪಕನಿಗೆ ಯಾರೂ ಹೇಳುತ್ತಿರಲಿಲ್ಲ. ಹುಡುಕಿದರೆ ಅದಕ್ಕೆ ಬಿಡುವೂ ಇಲ್ಲ, ಹಣವೂ ಇಲ್ಲ. ಭಾರತೀಯರ ಬುದ್ಧಿ ತತ್ತ್ವವಿಚಾರಕ್ಕೆ ಒಗ್ಗೀತೇ ಹೊರತು ಪ್ರಯೋಗ ವಿಜ್ಞಾನಕ್ಕೆ ಒಗ್ಗದು ಎಂಬ ಭಾವನೆಯೂ ಅಧಿಕಾರಿಗಳಲ್ಲಿ ಬೇರೂರಿತ್ತು. ಹೀಗೆ ಆಗ ಬೆಲೆಯಿಲ್ಲದೆ ಇದ್ದದ್ದು ಸಂಶೋಧನೆ. ಬೋಧನೆಗಾದರೂ ನಿಜವಾದ ಬೆಲೆಯಿತ್ತೇ ಎಂದರೆ, ಅದೂ ಪರೀಕ್ಷೆಯ ಸೇವೆಗೆ ನಿಂತ ಬೋಧನೆಯಾಗಿತ್ತು.

ರಾಯರು ಮೊದಲು ಕೈಹಾಕಿದ್ದು ಬೋಧನೆಯನ್ನು ಸರಿಪಡಿಸುವ ಕಾರ್ಯಕ್ಕೆ. ಪ್ರಯೋಗವಿಲ್ಲದ ರಸಾಯನಶಾಸ್ತ್ರದ ಪಾಠ ನೀರಿಲ್ಲದ ಈಜಿನಂತೆ ಎಂಬುದು ಅವರಿಗೆ ಮನವರಿಕೆಯಾಗಿತ್ತು. ಆದರೆ ತರಗತಿಯ ಮುಂದೆ ಪ್ರಯೋಗವನ್ನು ತಪ್ಪಿಲ್ಲದೆ ಮಾಡಿ ತೋರಿಸುವುದು ಒಂದು ಪ್ರತ್ಯೇಕ ಕಲೆ. ಡಾಕ್ಟರ್ ಪದವಿಯೊಡನೆ ಅದು ತಾನಾಗಿ ಬರುವುದಿಲ್ಲ. ಕಾಲೇಜಿನಲ್ಲಿ ಚಂದ್ರಭೂಷಣ ಭಾದುರಿ ಎಂಬ ಅನುಭವಿ ಪ್ರಯೋಗ ಪ್ರದರ್ಶಕರಿದ್ದರು. ಹುದ್ದೆಯಲ್ಲಿ ಅವರು ತಮಗಿಂತ ಕೆಳಗಿನವರೆಂದು ರಾಯರು ಎಣಿಸಲಿಲ್ಲ. ಅವರ ನೆರವಿನಿಂದ ಪ್ರತಿಯೊಂದು ಪ್ರಯೋಗವನ್ನೂ ಮೊದಲೇ ಮಾಡಿ ನೋಡಿ, ಕೈ ಪಳಗಿಸಿಕೊಂಡು, ಆಮೇಲೆ ತರಗತಿಗೆ ಹೋಗುತ್ತಿದ್ದರು. ಕಲಿಸಲು ಹೊರಟವನು ಕಲಿಯಲು ನಾಚಬಾರದು ಎಂಬುದು ಅವರ ಮೊದಲ ಪಾಠವಾಗಿತ್ತು. ಅದನ್ನು ಅವರು ತಮಗೇ ಹೇಳಿಕೊಂಡರು.

ಅವರ ತರಗತಿಯ ಪ್ರಸಂಗವೊಂದು ಬಹು ಪ್ರಸಿದ್ಧವಾಗಿದೆ. ರಾಯರು ಎಲುಬಿನ ತುಂಡೊಂದನ್ನು ಬೆಂಕಿಯಲ್ಲಿ ಸುಟ್ಟು ಬಿಳಿಯ ಬೂದಿಯಾಗಿಸುತ್ತಿದ್ದರು. ಎಲುಬೆಂದರೆ ಮೈಲಿಗೆಯೆಂದು ಹಿಂದೆ ಸರಿಯುವ ಹುಡುಗರೇ ತರಗತಿಯಲ್ಲಿ ಹೆಚ್ಚು. ಈ ಬೂದಿ ಯಾವ ಪ್ರಾಣಿಯದೆಂದು ಈಗ ಯಾರಾದರೂ ಹೇಳಬಲ್ಲಿರಾ ಎಂದು ಅವರು ಕೇಳುತ್ತಿದ್ದರು. ಬೆಂಕಿ ಎಲುಬಿನ ಪ್ರಾಣಿಜನ್ಯ ಅಂಶವನ್ನೆಲ್ಲ ಸುಟ್ಟುಹಾಕಿದೆ. ಉಳಿದಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಲವಣ ಎಂದು ವಿವರಿಸಿ, ಆ ಬೂದಿಯಲ್ಲಿ ಒಂದು ಚಿಟಿಕೆಯನ್ನು ತೆಗೆದು ತಮ್ಮ ಬಾಯಿಗೇ ಹಾಕಿಕೊಳ್ಳುತ್ತಿದ್ದರು. ತರಗತಿ ಬೆರಗಾಗಿ ನೋಡುತ್ತಿತ್ತು. ಅಂದು ಆ ಹುಡುಗರು ಕಲಿತದ್ದು ಒಂದು ಲವಣದ ಹೆಸರನ್ನಷ್ಟೇ ಅಲ್ಲ. ವಸ್ತುವನ್ನು ಪೂರ್ವಗ್ರಹವಿಲ್ಲದೆ ನೋಡುವುದನ್ನೂ, ನಂಬಿದ್ದನ್ನು ನಡೆದು ತೋರಿಸುವುದನ್ನೂ ಕಲಿತರು.

ಕಾಲೇಜುಗಳಲ್ಲಿ ಹಿರಿಯ ಪ್ರಾಧ್ಯಾಪಕರು ಮೇಲಿನ ತರಗತಿಗಳನ್ನು ತಮಗಿಟ್ಟುಕೊಂಡು, ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಕಿರಿಯರಿಗೆ ಒಪ್ಪಿಸುವುದು ವಾಡಿಕೆ. ರಾಯರು ಹಾಗೆ ಮಾಡಲಿಲ್ಲ. ಆರಂಭದ ತರಗತಿಗಳಿಗೆ ತಾವೇ ಪಾಠ ಹೇಳಬೇಕೆಂದು ಹಟ ಹಿಡಿದರು. ಅಡಿಪಾಯವನ್ನು ಹಾಕುವವನು ಅತ್ಯಂತ ನುರಿತವನಾಗಿರಬೇಕು ಎಂಬುದು ಅವರ ನಿಲುವು. ಎಳೆಯ ಮನಸ್ಸಿನಲ್ಲಿ ಒಮ್ಮೆ ಕುತೂಹಲ ಮೂಡಿದರೆ ಮುಂದಿನ ಓದು ತಾನಾಗಿ ಸಾಗುತ್ತದೆ. ಅಲ್ಲಿಯೇ ಬೇಸರ ಹುಟ್ಟಿದರೆ ಯಾವ ಪಂಡಿತನೂ ಅದನ್ನು ಹೋಗಲಾಡಿಸಲಾರ ಎಂದು ಅವರು ತಿಳಿದಿದ್ದರು. ಪಾಠದ ನಡುವೆ ಪ್ರೀಸ್ಟ್ಲಿ, ಷೀಲೆ, ಲವಾಸಿಯೇ, ಡಾಲ್ಟನ್ ಮೊದಲಾದವರ ಜೀವನದ ಸಂಗತಿಗಳನ್ನು ತರುತ್ತಿದ್ದರು. ಸೂತ್ರಗಳ ಹಿಂದೆ ಮನುಷ್ಯರಿದ್ದಾರೆ, ಅವರೂ ತಪ್ಪಿದ್ದಾರೆ, ಬಡತನ ಉಂಡಿದ್ದಾರೆ ಎಂದು ತಿಳಿದಾಗ, ತಾವೂ ಅಂಥದನ್ನು ಮಾಡಬಹುದೆಂಬ ಧೈರ್ಯ ಹುಡುಗರಿಗೆ ಬರುತ್ತಿತ್ತು.

ಇಷ್ಟು ಶ್ರಮದ ಬೋಧನೆಯ ನಡುವೆಯೇ ರಾಯರು ಸಂಶೋಧನೆಗೆ ಸಮಯವನ್ನು ಹೊಂದಿಸಿಕೊಂಡರು. ಆರಂಭದಲ್ಲಿ ಅವರು ಆರಿಸಿಕೊಂಡ ವಿಷಯ ಜನಜೀವನಕ್ಕೆ ಹತ್ತಿರವಾದುದು. ತುಪ್ಪ, ಸಾಸಿವೆ ಎಣ್ಣೆ ಮೊದಲಾದವುಗಳಲ್ಲಿ ನಡೆಯುತ್ತಿದ್ದ ಕಲಬೆರಕೆಯನ್ನು ಗುರುತಿಸಲು, ಶುದ್ಧವಾದ ಮಾದರಿಗಳನ್ನು ತಮ್ಮ ಕಣ್ಣೆದುರೇ ತಯಾರಿಸಿ, ಅವುಗಳ ಗುಣಗಳನ್ನು ಅಳೆದು, 1894ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಅದೇ ವರ್ಷ ಕಾಲೇಜಿಗೆ ಹೊಸ ಪ್ರಯೋಗಶಾಲೆಯೂ ದೊರೆಯಿತು.

ಅವರಿಗೆ ಲೋಕಪ್ರಸಿದ್ಧಿಯನ್ನು ತಂದ ಶೋಧ ಪಾದರಸಕ್ಕೆ ಸಂಬಂಧಿಸಿದುದು. ಪಾದರಸದ ಮೇಲೆ ನೀರು ಬೆರೆಸಿದ ತಣ್ಣನೆಯ ನೈಟ್ರಿಕ್ ಆಮ್ಲವನ್ನು ಹಾಯಿಸಿ ಲವಣವೊಂದನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸಲು ಅವರು ಯತ್ನಿಸುತ್ತಿದ್ದರು. ನಿರೀಕ್ಷಿಸದೆ ಇದ್ದ ಹಳದಿಯ ಹರಳುಗಳು ಪಾತ್ರೆಯಲ್ಲಿ ಕಾಣಿಸಿಕೊಂಡವು. ಪ್ರತ್ಯಾಮ್ಲ ಗುಣದ ಲವಣವಿರಬಹುದೇ ಎಂದು ಮೊದಲು ತೋರಿತು. ಆದರೆ ಅಷ್ಟು ಆಮ್ಲದ ನಡುವೆ ಅಂಥ ಲವಣ ಹುಟ್ಟುವಂತಿಲ್ಲ. ಬೇರೆಯವರಾಗಿದ್ದರೆ ಹರಳುಗಳನ್ನು ಚೆಲ್ಲಿ ಮತ್ತೆ ಮೊದಲಿನಿಂದ ಕೆಲಸ ಹೂಡುತ್ತಿದ್ದರೇನೋ. ರಾಯರು ಚೆಲ್ಲಲಿಲ್ಲ, ಪರೀಕ್ಷಿಸಿದರು. ಅದು ಮರ್ಕ್ಯುರಸ್ ನೈಟ್ರೈಟ್ ಎಂಬ ಸಂಯುಕ್ತವೆಂದು ನಿರ್ಧರಿಸಿ 1896ರಲ್ಲಿ ಪ್ರಕಟಿಸಿದರು. ಈ ಒಂದು ಶೋಧದಿಂದ ನೈಟ್ರೈಟ್ ವರ್ಗದ ಲವಣಗಳ ಬಗೆಗೆ ಅನೇಕ ವರ್ಷಗಳ ಸಂಶೋಧನೆಯ ಹಾದಿ ತೆರೆಯಿತು. ಅವರೂ ಅವರ ಶಿಷ್ಯರೂ ಬರೆದ ನೂರಕ್ಕೂ ಹೆಚ್ಚು ಪ್ರಬಂಧಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಬೆಳಕು ಕಂಡವು. ಭಾರತೀಯನಿಗೆ ಪ್ರಯೋಗ ವಿಜ್ಞಾನ ಒಗ್ಗದೆಂಬ ಮಾತಿಗೆ ಇವೇ ಉತ್ತರವಾದವು.

ಅದೇ ಕಾಲದಲ್ಲಿ ಪ್ರಾಚೀನ ರಸಗ್ರಂಥಗಳ ಹಸ್ತಪ್ರತಿಗಳನ್ನು ಕಲೆಹಾಕಿ, ಭಾರತೀಯ ರಸಾಯನ ವಿದ್ಯೆಯ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದರು. ಮೊದಲನೆಯದು 1902ರಲ್ಲಿಯೂ ಎರಡನೆಯದು 1909ರಲ್ಲಿಯೂ ಪ್ರಕಟವಾದವು. ಓದಿದ ತರುಣರು ಗುಮಾಸ್ತೆಗಿರಿಗಾಗಿ ಅಲೆಯುವುದನ್ನು ಕಂಡು ಮರುಗಿ, 1892ರಲ್ಲಿ ಕೇವಲ 700 ರೂಪಾಯಿ ಬಂಡವಾಳದಿಂದ ಔಷಧಗಳನ್ನು ತಯಾರಿಸುವ ಉದ್ಯಮವನ್ನು ತಮ್ಮ ಬಾಡಿಗೆ ಮನೆಯಲ್ಲಿಯೇ ಆರಂಭಿಸಿದ್ದರು. ಅದು 1901ರಲ್ಲಿ ಬೆಂಗಾಲ್ ಕೆಮಿಕಲ್ ಅಂಡ್ ಫಾರ್ಮಸ್ಯೂಟಿಕಲ್ ವರ್ಕ್ಸ್ ಎಂಬ ಕಂಪೆನಿಯಾಗಿ ಬೆಳೆಯಿತು.

ಆದರೆ ರಾಯರ ಮಹತ್ತ್ವ ಅವರ ಸಂಶೋಧನೆಗಳ ಪಟ್ಟಿಯಲ್ಲಿ ಮುಗಿಯುವುದಿಲ್ಲ. ಅವರಿಗೆ ಸಂಶೋಧನೆ ಬೋಧನೆಯ ಶತ್ರುವಾಗಿರಲಿಲ್ಲ, ಅದರ ಮುಂದುವರಿಕೆಯಾಗಿತ್ತು. ಆರಂಭದ ತರಗತಿಯಲ್ಲಿ ಕಣ್ಣರಳಿಸಿ ಪ್ರಶ್ನೆ ಕೇಳಿದ ಹುಡುಗನೇ ಕೆಲವು ವರ್ಷಗಳ ಮೇಲೆ ಪ್ರಯೋಗಶಾಲೆಯಲ್ಲಿ ಅವರ ಪಕ್ಕದಲ್ಲಿ ನಿಲ್ಲುತ್ತಿದ್ದ. ಸಂಜೆಯಾದರೆ ರಾಯರು ಶಿಷ್ಯರನ್ನು ಕೂಡಿಕೊಂಡು ಕಲ್ಕತ್ತೆಯ ಮೈದಾನಕ್ಕೆ ಗಾಳಿ ಸೇವನೆಗೆ ಹೋಗುತ್ತಿದ್ದರು. ಅಲ್ಲಿ ರಸಾಯನಶಾಸ್ತ್ರ, ಸಾಹಿತ್ಯ, ದೇಶದ ಬಡತನ ಎಲ್ಲವೂ ಮಾತಿಗೆ ಬರುತ್ತಿದ್ದವು. ತರಗತಿಯ ಗಂಟೆ ಮುಗಿದರೂ ಗುರುವಿನ ಪಾಠ ಮುಗಿಯುತ್ತಿರಲಿಲ್ಲ.

1909ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಪ್ರೆಸಿಡೆನ್ಸಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳ ಹೆಸರುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಜ್ಞಾನಚಂದ್ರ ಘೋಷ್, ಜ್ಞಾನೇಂದ್ರನಾಥ ಮುಖರ್ಜಿ, ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ ಇವರೆಲ್ಲರೂ ಒಂದೇ ತಂಡದವರು. ನೀಲರತನ ಧರ್ ಅವರಿಗಿಂತ ತುಸು ಹಿರಿಯರು. ಸಾಹಾ ಮತ್ತು ಬೋಸ್ ಮುಂದೆ ಗಣಿತ, ಭೌತಶಾಸ್ತ್ರಗಳಲ್ಲಿ ಲೋಕವಿಖ್ಯಾತರಾದರೂ ರಾಯರ ಪಾಠದ ಪ್ರಭಾವ ಅವರ ಮೇಲೂ ಆಗಿತ್ತು. ಧರ್, ಘೋಷ್, ಮುಖರ್ಜಿ ಇವರು ಒಲಿದದ್ದು ಭೌತರಸಾಯನಶಾಸ್ತ್ರವೆಂಬ ಅಂದಿನ ಹೊಸ ಶಾಖೆಗೆ. ಅದು ರಾಯರ ಸ್ವಂತ ಕ್ಷೇತ್ರವಲ್ಲ. ತಾವು ತುಳಿದ ಹಾದಿಯಲ್ಲಿಯೇ ನಡೆಯಿರಿ ಎಂದು ಅವರು ಶಿಷ್ಯರನ್ನು ಬಲವಂತ ಮಾಡಲಿಲ್ಲ. ತಮಗೆ ತಿಳಿಯದುದನ್ನು ಶಿಷ್ಯರು ತಿಳಿದರೆಂದು ಕೊರಗಲೂ ಇಲ್ಲ, ಹೆಮ್ಮೆಪಟ್ಟರು. ಮಗನಿಂದಲೂ ಶಿಷ್ಯನಿಂದಲೂ ಬರುವ ಸೋಲನ್ನು ಬಯಸಬೇಕೆಂಬ ನಮ್ಮ ಹಿರಿಯರ ನುಡಿಯನ್ನು ಅವರು ಮನಸಾರ ಒಪ್ಪಿದ್ದರು.

1916ರಲ್ಲಿ ರಾಯರು ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾದರು. ವಿದ್ಯಾರ್ಥಿಗಳು ಅವರಿಗೆ ಬೀಳ್ಕೊಡುಗೆಯನ್ನು ಏರ್ಪಡಿಸಿದರು. ಆ ಸಂದರ್ಭದಲ್ಲಿ ಅವರು ಪ್ರಾಚೀನ ರೋಮಿನ ಕಾರ್ನೀಲಿಯಾ ಎಂಬ ಕುಲೀನ ಸ್ತ್ರೀಯ ಕಥೆಯನ್ನು ನೆನೆದರು. ಸಿರಿವಂತಳೊಬ್ಬಳು ತನ್ನ ರತ್ನಾಭರಣಗಳನ್ನು ತೋರಿಸಿ, ನಿನ್ನವೆಲ್ಲಿ ಎಂದು ಕೇಳಿದಾಗ, ಕಾರ್ನೀಲಿಯಾ ಶಾಲೆಯಿಂದ ಮನೆಗೆ ಬಂದ ತನ್ನ ಗಂಡುಮಕ್ಕಳನ್ನು ತೋರಿಸಿದಳಂತೆ. ಈ ಕಾಲೇಜಿನಲ್ಲಿ ಇಷ್ಟು ವರ್ಷ ಇದ್ದು ಏನು ಗಳಿಸಿದಿರಿ ಎಂದು ಯಾರಾದರೂ ಕೇಳಿದರೆ ತಾವೂ ಹಾಗೆಯೇ ಶಿಷ್ಯರನ್ನು ತೋರಿಸುವುದಾಗಿ ರಾಯರು ಹೇಳಿದರು. ಮರ್ಕ್ಯುರಸ್ ನೈಟ್ರೈಟನ್ನು ಕಂಡುಹಿಡಿದವರು, ದೊಡ್ಡ ಗ್ರಂಥವನ್ನು ಬರೆದವರು, ಕಾರ್ಖಾನೆಯನ್ನು ಕಟ್ಟಿದವರು ಅವರು. ಆದರೂ ಲೆಕ್ಕ ಒಪ್ಪಿಸುವ ಹೊತ್ತು ಬಂದಾಗ ಅವರು ಮುಂದಿಟ್ಟದ್ದು ಅವುಗಳನ್ನಲ್ಲ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಆಶುತೋಷ ಮುಖರ್ಜಿಯವರು ಕುಲಪತಿಗಳಾಗಿ ಕಲ್ಕತ್ತಾ ವಿಶ್ವವಿದ್ಯಾನಿಲಯವನ್ನು ಉನ್ನತ ವ್ಯಾಸಂಗದ, ಸಂಶೋಧನೆಯ ಕೇಂದ್ರವನ್ನಾಗಿಸಲು ಪಣತೊಟ್ಟಿದ್ದರು. ತಾರಕನಾಥ ಪಾಲಿತ್, ರಾಸಬಿಹಾರಿ ಘೋಷ್ ಎಂಬ ಇಬ್ಬರು ನ್ಯಾಯವಾದಿಗಳು ತಮ್ಮ ಜೀವಮಾನದ ಸಂಪಾದನೆಯಿಂದ ಮಹಾದಾನಗಳನ್ನು ಮಾಡಿದರು. 1914ರಲ್ಲಿ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಬಿದ್ದಿತು. ರಾಯರು 1916ರಲ್ಲಿ ಅಲ್ಲಿ ರಸಾಯನಶಾಸ್ತ್ರದ ಪಾಲಿತ್ ಪ್ರಾಧ್ಯಾಪಕರಾದರು. ಮರುವರ್ಷ ಭೌತಶಾಸ್ತ್ರದ ಪಾಲಿತ್ ಪೀಠಕ್ಕೆ ಬಂದವರು ಚಂದ್ರಶೇಖರ ವೆಂಕಟರಾಮನ್. ಈ ಪೀಠಗಳ ಮುಖ್ಯ ಕರ್ತವ್ಯ ಸಂಶೋಧನೆ; ತರಗತಿಯ ಪಾಠದ ಹೊರೆಯನ್ನು ಅವುಗಳ ಮೇಲೆ ಹೊರಿಸಿರಲಿಲ್ಲ. ಹಿಂದೆ ಪಾಠಕ್ಕಷ್ಟೇ ಸಂಬಳ ಕೊಡುತ್ತಿದ್ದ ನಾಡಿನಲ್ಲಿ ಈಗ ಸಂಶೋಧನೆಗೇ ಮೀಸಲಾದ ಪೀಠಗಳು ಹುಟ್ಟಿದ್ದವು. ಇದು ಸಂತೋಷದ ಸಂಗತಿ. ಆದರೆ ಇದರೊಳಗೆ ಒಂದು ಅಪಾಯವೂ ಅಡಗಿದೆ. ಸಂಶೋಧನೆ ಗೌರವದ ಕೆಲಸ, ಪಾಠ ಹೇಳುವುದು ಹೊರೆ ಎಂಬ ಭಾವನೆ ಮೆಲ್ಲನೆ ಬೆಳೆಯಬಹುದು. ರಾಮನ್ನರು ಕಡ್ಡಾಯವಿಲ್ಲದಿದ್ದರೂ ತರಗತಿಗಳಿಗೆ ಪಾಠ ಹೇಳಿದರು. ರಾಯರಂತೂ ವಿದ್ಯಾರ್ಥಿಗಳ ನಡುವೆಯೇ ಮನೆ ಮಾಡಿದರು.

ಮನೆ ಎಂಬ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ. ಅವಿವಾಹಿತರಾದ ರಾಯರು ವಿಜ್ಞಾನ ಕಾಲೇಜಿನ ಕಟ್ಟಡದಲ್ಲಿಯೇ ಒಂದು ಕೊಠಡಿಯಲ್ಲಿ ವಾಸವಾಗಿದ್ದರು. ಅಲ್ಲಿದ್ದ ಸಾಮಾನು ಅತಿ ಕಡಿಮೆ. ಉಡುಪು ಸರಳ, ಊಟ ಮಿತ. ಕೆಲವು ಬಡ ವಿದ್ಯಾರ್ಥಿಗಳು ಅವರೊಡನೆಯೇ ಇದ್ದು ಅವರ ಖರ್ಚಿನಲ್ಲಿ ಓದುತ್ತಿದ್ದರು. ಅರವತ್ತು ವರ್ಷ ತುಂಬಿದ ಮೇಲೆ ತಮ್ಮ ಸಂಬಳವನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. 1936ರಲ್ಲಿ ನಿವೃತ್ತರಾಗುವವರೆಗೆ ಸುಮಾರು ಹದಿನೈದು ವರ್ಷಗಳ ಸಂಬಳವನ್ನು ರಸಾಯನಶಾಸ್ತ್ರ ವಿಭಾಗದ ಅಭಿವೃದ್ಧಿಗೆಂದು ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟರು. ಪ್ರಾಚೀನ ರಸವಿದ್ಯಾ ನಿಪುಣನಾದ ನಾಗಾರ್ಜುನನ ಹೆಸರಿನಲ್ಲಿ, ರಸಾಯನಶಾಸ್ತ್ರದ ಉತ್ತಮ ಸಂಶೋಧನೆಗೆ ಬಹುಮಾನ ಕೊಡಲೆಂದು 1922ರಲ್ಲಿ 10,000 ರೂಪಾಯಿಗಳ ನಿಧಿಯನ್ನು ಇಟ್ಟರು. ಅದೇ ವರ್ಷ ಉತ್ತರ ಬಂಗಾಳದಲ್ಲಿ ಭೀಕರ ಪ್ರವಾಹ ಬಂದಾಗ ಪರಿಹಾರ ಕಾರ್ಯದ ಮುಂದಾಳಾದರು. ವಿಜ್ಞಾನ ಕಾಲೇಜು ಪರಿಹಾರ ಸಾಮಗ್ರಿಗಳ ಉಗ್ರಾಣವಾಯಿತು; ಶಿಷ್ಯರು ಸ್ವಯಂಸೇವಕರಾದರು. 1924ರಲ್ಲಿ ಭಾರತೀಯ ರಸಾಯನ ವಿಜ್ಞಾನ ಸಂಘವು ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದವರು ರಾಯರೇ. ಆ ಸಂಘದ ಕನಸನ್ನು ಮೊದಲು ಕಂಡವರಲ್ಲಿ ಅವರ ಶಿಷ್ಯರಾದ ಘೋಷ್ ಮತ್ತು ಮುಖರ್ಜಿ ಇದ್ದರು.

ಗುರುವಿನ ಹಿರಿಮೆಯನ್ನು ಅಳೆಯಲು ಶಿಷ್ಯರು ಏನಾದರೆಂದು ನೋಡಬೇಕು. ಜ್ಞಾನಚಂದ್ರ ಘೋಷರು 1918ರಲ್ಲಿ ಲವಣಗಳ ದ್ರಾವಣಗಳ ಬಗೆಗೆ ಮಂಡಿಸಿದ ಸಿದ್ಧಾಂತ ಯೂರೋಪಿನ ವಿದ್ವಾಂಸರ ಗಮನವನ್ನು ಸೆಳೆಯಿತು. ಮೇಘನಾದ ಸಾಹಾರವರು 1920ರಲ್ಲಿ ಪ್ರಕಟಿಸಿದ ಸಮೀಕರಣ ನಕ್ಷತ್ರಗಳ ಬೆಳಕಿನಿಂದ ಅವುಗಳ ಸ್ಥಿತಿಯನ್ನು ಅರಿಯುವ ದಾರಿಯನ್ನು ತೋರಿತು. ಸತ್ಯೇಂದ್ರನಾಥ ಬೋಸರ 1924ರ ಪ್ರಬಂಧವನ್ನು ಐನ್‌ಸ್ಟೈನರೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳುಹಿಸಿದರು. ನೀಲರತನ ಧರ್ ಅಲಹಾಬಾದಿನಲ್ಲಿ ನೂರಾರು ಜನರಿಗೆ ಗುರುಗಳಾದರು. ಈ ಗುರುಪರಂಪರೆಯ ನೀರು ನಮ್ಮ ನಾಡಿಗೂ ಹರಿದು ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1939ರಿಂದ 1948ರವರೆಗೆ ನಿರ್ದೇಶಕರಾಗಿದ್ದು ಅದನ್ನು ಬೆಳೆಸಿದವರು ಇದೇ ಜ್ಞಾನಚಂದ್ರ ಘೋಷರು. ಕಲ್ಕತ್ತೆಯ ಒಂದು ತರಗತಿಯಲ್ಲಿ ಕುಳಿತು ಕೇಳಿದ ಪಾಠ ಮೂವತ್ತು ವರ್ಷಗಳ ಅನಂತರ ಬೆಂಗಳೂರಿನಲ್ಲಿ ಫಲ ಕೊಟ್ಟಿತು.

1944ನೆಯ ಇಸವಿ ಜೂನ್ 16ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ವಿಜ್ಞಾನ ಕಾಲೇಜಿನ ಅದೇ ಕೊಠಡಿಯಲ್ಲಿ ಆಚಾರ್ಯರು ಕೊನೆಯುಸಿರೆಳೆದರು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ, ಆಸ್ತಿಯಿರಲಿಲ್ಲ. ಶಿಷ್ಯರಿದ್ದರು.

ಇಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕನ ಯೋಗ್ಯತೆಯನ್ನು ಅಳೆಯುವಾಗ ಅವನು ಪ್ರಕಟಿಸಿದ ಲೇಖನಗಳನ್ನು ಎಣಿಸುವುದುಂಟು. ಎಣಿಕೆಗೆ ಸಿಗುವುದನ್ನು ಎಣಿಸುವುದು ಸುಲಭ. ಹೊಸ ಜ್ಞಾನವನ್ನು ಹುಡುಕದ ವಿಶ್ವವಿದ್ಯಾನಿಲಯ ಕಾಲಕ್ರಮದಲ್ಲಿ ನಿಂತ ನೀರಾಗುತ್ತದೆ ಎಂಬುದೂ ನಿಜ. ಹಾಗೆ ಆಗಬಾರದೆಂದೇ ರಾಯರು ತಮ್ಮ ತಾರುಣ್ಯವನ್ನೆಲ್ಲ ಸವೆಸಿದರು. ಆದರೆ ಆ ನೀರು ಹರಿಯಬೇಕಾದ ಹೊಲ ಯಾವುದೆಂಬುದನ್ನು ಅವರು ಎಂದೂ ಮರೆಯಲಿಲ್ಲ. ಹಳದಿಯ ಹರಳುಗಳ ಶೋಧ ನಡೆದ ದಿನದ ದಾಖಲೆ ಪತ್ರಿಕೆಗಳಲ್ಲಿದೆ. ಎಲುಬಿನ ಬೂದಿಯನ್ನು ಬಾಯಿಗೆ ಹಾಕಿಕೊಂಡ ಗುರುವನ್ನು ನೋಡಿ ಯಾವ ಯಾವ ಹುಡುಗನ ಮನಸ್ಸಿನಲ್ಲಿ ಏನೇನು ಮೊಳೆಯಿತು ಎಂಬುದನ್ನು ಬರೆದಿಡಲು ಯಾವ ದಫ್ತರದಲ್ಲಿಯೂ ಕಲಮಿಲ್ಲ. ಪ್ರಫುಲ್ಲಚಂದ್ರರನ್ನು ಜನ ಆಚಾರ್ಯರೆಂದು ಕರೆದದ್ದು ಬರೆದಿಡಲಾಗದ ಆ ಕೆಲಸಕ್ಕಾಗಿ.